ಓಸ್ವಾಲ್ಡರ ಅಗ್ಗದ ಕೋವಿ

ಕೋವಿ ಎಂದರೆ ನನಗೆ ಮೊದಲಿನಿಂದಲೂ ಆಗದು. ಅಂಥ ನಾನು ಸ್ವೀಡನ್ನಿನ ಟೋರ್ಸ್‌ಲಾಂಡದ ನಮ್ಮ ಅಡುಗೆಮನೆಯಲ್ಲಿ ನಿಂತು, ದೋಸೆ ಹುಯ್ಯುತ್ತಾ, ಕೋವಿಯ ಗುಣಗಾನವನ್ನು ವಾರವಾರವೂ ಕೇಳಬೇಕಾಯಿತು. ಅದಕ್ಕೆ ಓಸ್ವಾಲ್ಡ್ ರೇಗೋ ಕಾರಣ. ಅವರು ನನ್ನ ಗಂಡ ನಂದಕುಮಾರನ ಜೊತೆ ಕಾರ್ ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ ಎಂಜಿನಿಯರ್ ಆಗಿದ್ದರು. ಮೂಡುಬಿದಿರೆ ಕಡೆಯ ಕೊಂಕಣಿ ಕ್ರೈಸ್ತರು. ನಾವು ಉಡುಪಿಯವರು, ಈರುಳ್ಳಿಯನ್ನೂ ಯೋಚಿಸಿ ಹಾಕುವ ಮನೆಯವರು. ಊರಿನಲ್ಲಿದ್ದಿದ್ದರೆ ನಮ್ಮ ನಡುವೆ ನಮಸ್ಕಾರಕ್ಕಿಂತ ಹೆಚ್ಚಿನ ಬಳಕೆ ಇರುತ್ತಿರಲಿಲ್ಲವೇನೋ. ಸ್ವೀಡನ್ನಿನಲ್ಲಿ ಹಾಗೆಲ್ಲ ಬಿಗುಮಾನ ಮಾಡಿದರೆ ಮಾತಾಡಲು ಯಾರೂ ಸಿಗುವುದಿಲ್ಲ.

ಅವರ ಕೆಲಸ ಕಾರಿನ ಬಾಗಿಲ ಬೀಗಗಳನ್ನು ಪರೀಕ್ಷಿಸುವುದು. ಯಂತ್ರಕ್ಕೆ ಕಟ್ಟಿ, ಚಳಿಯಲ್ಲಿಟ್ಟು, ಧೂಳಿನಲ್ಲಿಟ್ಟು, ಮುರಿಯುವವರೆಗೆ ತೆಗೆಸಿ ಹಾಕಿಸುವುದು. ಮುರಿದರೆ ಮುರಿಯಿತು ಎಂದು ಬರೆಯುವುದು, ಮುರಿಯದಿದ್ದರೆ ಮುರಿಯಲಿಲ್ಲ ಎಂದು ಬರೆಯುವುದು. ಮೇಲಿನವರು ಎಷ್ಟು ಒತ್ತಾಯ ಮಾಡಿದರೂ ಅವರ ವರದಿ ಒಂದು ಅಕ್ಷರ ಬದಲಾಗುತ್ತಿರಲಿಲ್ಲವಂತೆ. ನಂದಕುಮಾರ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ, ಅರ್ಧ ಹೊಟ್ಟೆಯುರಿಯಿಂದಲೂ ಇರಬೇಕು. ಈ ಚಾಳಿ ಮನೆಗೂ ಬಂದಿತ್ತು. ನಮ್ಮ ಹೊಸ ಮಿಕ್ಸಿಯ ಗುಂಡಿಯನ್ನು ಒತ್ತಿ ಒತ್ತಿ ನೋಡಿ, "ಇದು ಎರಡು ದೀಪಾವಳಿಗಿಂತ ಹೆಚ್ಚು ಬರ್ಲಿಕ್ಕಿಲ್ಲ ಮಾಲತಿ" ಅಂದರು. ಅದು ಹಾಗೇ ಆಯಿತು ಅನ್ನುವುದಕ್ಕೆ ನನಗೆ ಇನ್ನೂ ಸಿಟ್ಟು.

ಹೆಂಡತಿ ವಿಕ್ಟೋರಿಯಾ ಎರಡು ಸಾವಿರದ ಒಂದರಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಮಗ ಕೆವಿನ್ ಲುಲೆಯೊದಲ್ಲಿ ಓದಲು ಹೋದ. ದೇಶದ ತೆಂಕಣದಿಂದ ಬಡಗಣಕ್ಕೆ ಹೋದಂತೆ, ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿಯ ದಾರಿ. ಅಪ್ಪ ಫೋನಿನಲ್ಲಿ ಕೊಂಕಣಿಯಲ್ಲಿ ಕೇಳಿದ್ದಕ್ಕೆಲ್ಲ ಅವನು ಸ್ವೀಡಿಷಿನಲ್ಲಿ, ಅದೂ ಚುಟುಕಾಗಿ ಉತ್ತರಿಸುತ್ತಿದ್ದ. ಹುಡುಗ ಕೆಟ್ಟವನಲ್ಲ. ತಾಯಿ ಸತ್ತ ಮನೆಗೆ ಬರಲು ಅವನಿಗೆ ಮನಸ್ಸಿರಲಿಲ್ಲ, ಅಷ್ಟೇ. ಓಸ್ವಾಲ್ಡರು ಭಾನುವಾರ ನಮ್ಮಲ್ಲಿ ಊಟಕ್ಕೆ ಬಂದು, ಹೊರಡುವಾಗ ಬೂಟಿನ ಲಾಡಿಯನ್ನು ಕಟ್ಟುತ್ತಲೇ ಇರುತ್ತಿದ್ದರು. ಅಷ್ಟು ಹೊತ್ತು ಲಾಡಿ ಕಟ್ಟುವ ಎಂಜಿನಿಯರನ್ನು ನಾನು ಬೇರೆಲ್ಲೂ ನೋಡಿಲ್ಲ. ಪಾಪ ಅನ್ನಿಸಿ ನಾನು ಮತ್ತೆ ಒಂದು ಲೋಟ ಕಾಫಿಗೆ ಕೂರಿಸುತ್ತಿದ್ದೆ.

ವಿಕ್ಟೋರಿಯಾ ಇದ್ದಾಗ ಕಾರ್ಲ್‌ಸ್ಟಾಡ್ ಕಡೆಗೆ ಹೋಗುವ ದಾರಿಯಲ್ಲಿ, ಕಾಡಂಚಿನ ಒಂದು ಹಳ್ಳಿಯಲ್ಲಿ ಸಣ್ಣ ಕೆಂಪು ಮನೆಯನ್ನು ರಜೆಗೆಂದು ಬಾಡಿಗೆಗೆ ಹಿಡಿದಿದ್ದರು. ಅವಳು ಹೋದ ಮೇಲೂ ಅದನ್ನು ಬಿಡಲಿಲ್ಲ. ಅಲ್ಲಿ ಪಕ್ಕದ ಜಮೀನಿನವನು ಬೆಂಗ್ಟ್. ಹಳ್ಳಿಯ ಬೇಟೆ ತಂಡಕ್ಕೆ ಅವನೇ ಯಜಮಾನ. ಅಕ್ಟೋಬರ್ ಬಂದರೆ ಆ ದೇಶದ ಹಳ್ಳಿಗಂಡಸರೆಲ್ಲ ಕೆಲಸಕ್ಕೆ ರಜೆ ಹಾಕಿ ಮೂಸ್ ಬೇಟೆಗೆ ಕಾಡಿಗೆ ನುಗ್ಗುತ್ತಾರೆ. ಮೂಸ್ ಅಂದರೆ ನಮ್ಮ ಕಡವೆಯ ದೊಡ್ಡಣ್ಣ, ಕುದುರೆಗಿಂತ ಎತ್ತರ. ಬೆಂಗ್ಟನ ತಂಡದಲ್ಲಿ ಮುದುಕರು ಒಬ್ಬೊಬ್ಬರಾಗಿ ಕೋವಿ ಕೆಳಗಿಡುತ್ತಿದ್ದರು, ಜನ ಬೇಕಾಗಿತ್ತು. "ನೀನೂ ಪರೀಕ್ಷೆ ಪಾಸು ಮಾಡಿ ಬಾ" ಎಂದು ಬೇಲಿಯಾಚೆಯಿಂದ ಒಂದು ಮಾತು ಹೇಳಿದ. ಬಾಲ್ಯದಲ್ಲಿ ಅಪ್ಪನ ಜೊತೆ ಹಂದಿ ಬೇಟೆಗೆ ಹೋಗಿದ್ದವರಿಗೆ ಅಷ್ಟು ಸಾಕಾಯಿತು. ಐವತ್ತು ದಾಟಿದ ಮನುಷ್ಯ ಪುಸ್ತಕ ಹಿಡಿದು ಕೂತು ಬೇಟೆಗಾರರ ಪರೀಕ್ಷೆ ಪಾಸು ಮಾಡಿದರು. ಎರಡು ವರ್ಷ ಅತಿಥಿಯಾಗಿ ಬರಬೇಕು, ಮೂರನೆಯ ವರ್ಷ ಆಗಸ್ಟಿನ ಸಭೆಯಲ್ಲಿ ಎಲ್ಲರೂ ಒಪ್ಪಿದರೆ ಕಾಯಂ ಸದಸ್ಯ. ಆ ಕಾಯಂ ಎನ್ನುವ ಮಾತಿಗಾಗಿ ಅವರು ಜೀವ ಹಿಡಿದುಕೊಂಡಿದ್ದರು ಅಂದರೆ ಉತ್ಪ್ರೇಕ್ಷೆಯಲ್ಲ.

ಕೋವಿಯನ್ನು ಅಲ್ಲಿನ ಪೇಟೆಯ ಅಂಗಡಿಯಲ್ಲಿ ಕೊಂಡರು. ಹಳೆಯದು, ಸೆಕೆಂಡ್ ಹ್ಯಾಂಡ್. ಒಳ್ಳೆಯ ಚಳಿಗಾಲದ ಬೂಟಿಗೆ ಅದಕ್ಕಿಂತ ಹೆಚ್ಚು ಬೆಲೆ.

"ಇಷ್ಟು ಚೀಪಾ? ಏನೋ ಪ್ರಾಬ್ಲಮ್ ಇರ್ಬೇಕು," ಅಂದ ನಂದಕುಮಾರ.

"ಎಂಥದ್ದೂ ಇಲ್ಲ ಮಾರಾಯ. ಇಲ್ಲಿ ಒಬ್ಬನಿಗೆ ಇಷ್ಟೇ ಕೋವಿ ಅಂತ ಲಿಮಿಟ್ ಉಂಟು. ಎಲ್ರ ಕಪಾಟೂ ಫುಲ್. ಮುದುಕರು ಸತ್ರೆ ಅವ್ರ ಕೋವಿ ತಗೊಳ್ಲಿಕ್ಕೆ ಜನ ಇಲ್ಲ. ಗುಜರಿಗೆ ಹೋಗ್ತದೆ. ಬೆಲೆ ಇಲ್ಲ ಅಂದ್ರೆ ಹಾಳಾಗಿದೆ ಅಂತ ಅರ್ಥ ಅಲ್ಲ, ಇಡ್ಲಿಕ್ಕೆ ಜಾಗ ಇಲ್ಲ ಅಂತ."

ಅದು ಆರ್ನೆ ಎಂಬ ರೈತನದಾಗಿತ್ತಂತೆ. ಅವನೂ ಅದೇ ಹಳ್ಳಿಯವನು, ತೀರಿಕೊಂಡ ಮೇಲೆ ಹೆಂಡತಿ ಮಾರಿದ್ದಳು. ಅಂಗಡಿಯವನು ಹೇಳಿದ್ದು ಇಷ್ಟೇ.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಆ ಕೋವಿಯನ್ನು ಅವರು ಹಾಗೆ ನೋಡಿಕೊಂಡರು. ಆದರೆ ಮೊದಲ ದಿನ ಅದನ್ನು ಹೊತ್ತು ತಂಡದ ಮುಂದೆ ನಿಂತಾಗ ಯಾರೂ ಒಂದು ಮಾತಾಡಲಿಲ್ಲ. ಬೆಂಗ್ಟ್ ಅದರ ಮರದ ಹಿಡಿಯನ್ನು ನೋಡಿ, ಎಲ್ಲಿ ಕೊಂಡೆ ಎಂದು ಕೇಳಿ, ಕಾಫಿ ಸುರಿದುಕೊಂಡು ಅತ್ತ ಹೋದ. ಆಮೇಲೆ ಓಸ್ವಾಲ್ಡರಿಗೆ ಎಲ್ಲರಿಗಿಂತ ದೂರದ ಜಾಗ ಕೊಟ್ಟ. ಉಳಿದವರ ಬಂದೂಕುಗಳು ಹೊಸವು, ಮೇಲೆ ದುಬಾರಿ ದುರ್ಬೀನು. ತನ್ನದು ಬಡ ಕೋವಿಯೆಂದು ಅವರು ಮೂಗು ಮುರಿಯುತ್ತಿದ್ದಾರೆ ಎಂದು ಓಸ್ವಾಲ್ಡರು ತಿಳಿದರು. ನಾವೂ ಹಾಗೇ ತಿಳಿದೆವು.

"ಅಲ್ಲಾ, ಜನ ಬೇಕು ಅಂತ ಅಲ್ಲಿಗೆ ಹೋಗಿ, ಅಟ್ಟಣಿಗೆ ಮೇಲೆ ದಿನವಿಡೀ ಒಬ್ರೇ ಕೂತ್ಕೊಂಡು ಬರ್ತೀರಲ್ಲ, ಇದೇನು ಚಂದ?" ಎಂದು ನಾನು ಛೇಡಿಸಿದೆ.

"ಕಿವಿಯಲ್ಲಿ ರೇಡಿಯೋ ಉಂಟಲ್ಲ ಮಾರಾಯ್ತಿ. ಆಗಾಗ ಬೆಂಗ್ಟ್ ಕೇಳ್ತಾನೆ, ಓಸ್ವಾಲ್ಡ್, ಇದ್ದೀಯಾ ಅಂತ. ನಾನು ಇದ್ದೇನೆ ಅಂತೇನೆ. ಮನೆಯಲ್ಲಿ ಹಾಗೆ ಕೇಳುವವರು ಯಾರಿದ್ದಾರೆ?"

ನಾನು ಅವರ ತಟ್ಟೆಗೆ ಇನ್ನೆರಡು ದೋಸೆ ಬಡಿಸಿದೆ.

ತಂಡದವರಿಗೆ ತನ್ನ ಕೋವಿ ಕಡಿಮೆಯದಲ್ಲ ಎಂದು ತೋರಿಸಬೇಕೆಂಬ ಹಟ ಅವರಿಗೆ ಹತ್ತಿತು. ಗೊತ್ತಿದ್ದ ವಿದ್ಯೆ ಒಂದೇ, ಪರೀಕ್ಷೆ. ಗುಂಡಿಲ್ಲದ ಕೋವಿಯನ್ನು ಗ್ಯಾರೇಜಿನಲ್ಲಿ ಯಂತ್ರಕ್ಕೆ ಕಟ್ಟಿ ಅಲುಗಾಡಿಸಿದರು. ರಬ್ಬರ್ ಹಾಸಿನ ಮೇಲೆ ಬೀಳಿಸಿದರು. ಮೀನು ಇಡುವ ದೊಡ್ಡ ಫ್ರೀಜರಿನಲ್ಲಿ ಮಲಗಿಸಿ, ಕಾನೂನಿನ ಪ್ರಕಾರ ಕೋವಿ ಕಣ್ಣಳತೆಯಲ್ಲೇ ಇರಬೇಕೆಂದು ಪಕ್ಕದಲ್ಲೇ ಕುರ್ಚಿ ಹಾಕಿ ಕೂತರು. ನಾನು ಅದೇ ಫ್ರೀಜರಿನಲ್ಲಿ ಜಾಗ ಕೇಳಿ ಇಟ್ಟಿದ್ದ ತೆಂಗಿನತುರಿಯ ಪೊಟ್ಟಣಗಳನ್ನು ಈ ಸುದ್ದಿ ತಿಳಿದ ದಿನವೇ ವಾಪಸು ತಂದೆ. ಎಷ್ಟು ಕುಲುಕಿದರೂ, ಎಷ್ಟು ಚಳಿಗಿಟ್ಟರೂ, ಟ್ರಿಗರ್ ಎಳೆಯದೆ ಒಮ್ಮೆಯೂ ಅದರ ಗುಂಡು ಹಾರಿಸುವ ಕೀಲು ಜಾರಲಿಲ್ಲ. ಎಳೆದಾಗ ಒಮ್ಮೆಯೂ ತಪ್ಪಲಿಲ್ಲ. ಇಷ್ಟು ನಂಬಿಗಸ್ತ ಯಂತ್ರವನ್ನು ಕಾರ್ಖಾನೆಯಲ್ಲೂ ನೋಡಿಲ್ಲ ಎಂದು ಬೇಟೆಯ ಕಾಫಿ ಹೊತ್ತಿನಲ್ಲಿ ತಂಡಕ್ಕೆ ವಿವರಿಸಿದರಂತೆ. ಗಂಡಸರು ಲೋಟದೊಳಗೆ ನೋಡುತ್ತಾ ಕೂತಿದ್ದರಂತೆ.

ಎರಡನೆಯ ಶರತ್ಕಾಲದಲ್ಲಿ ಅವರ ಜಾಗಕ್ಕೇ ಒಂದು ಗಂಡು ಮೂಸ್ ಬಂತು. ಒಂದೇ ಗುಂಡು. ಸಂಜೆ ಮಾಂಸವನ್ನು ಸಮನಾಗಿ ಗುಡ್ಡೆ ಮಾಡಿ, ಒಬ್ಬನನ್ನು ಬೆನ್ನು ತಿರುಗಿಸಿ ನಿಲ್ಲಿಸಿ, "ಇದು ಯಾರದು?" ಎಂದು ಕೇಳಿ ಹೆಸರು ಹೇಳಿಸುವುದು ಅಲ್ಲಿನ ಪದ್ಧತಿ. ತನ್ನ ಹೆಸರನ್ನು ಯಾರೋ ಗಟ್ಟಿಯಾಗಿ ಕೂಗಿದ್ದು ಕೇಳಿ ಕಣ್ಣು ತುಂಬಿತು ಎಂದು ಓಸ್ವಾಲ್ಡರು ನಾಚಿಕೆಯಿಲ್ಲದೆ ಹೇಳಿಕೊಂಡರು.

ಇಲ್ಲಿಯವರೆಗೆ ಎಲ್ಲವೂ ಸರಿಯಿತ್ತು. ಆದರೆ ಓಸ್ವಾಲ್ಡರ ಮೂಡುಬಿದಿರೆ ಕಡೆಯ ಬೇಟೆಯಲ್ಲಿ ಇನ್ನೊಂದು ಪದ್ಧತಿ. ಗುಂಡು ಹೊಡೆದವನಿಗೆ ಪಾಲು, ನಾಯಿಗೆ ಪಾಲು, ಹಾಗೆಯೇ ಕೋವಿಗೂ ಒಂದು ಪಾಲು. ಊರಿಗೆಲ್ಲ ಒಂದೆರಡೇ ಕೋವಿ. ಅದನ್ನು ಹಿಡಿದವರು ಯಾರೇ ಆಗಲಿ, ಕೋವಿಯ ಪಾಲು ಕೋವಿಯ ಮನೆಗೆ ಹೋಗಬೇಕು. ಈಗ ಕೋವಿಯ ಮನೆ ಯಾವುದು?

"ನಿಮ್ದೇ ಅಲ್ವಾ? ದುಡ್ಡು ಕೊಟ್ಟು ತಗೊಂಡಿದೀರ, ಲೈಸೆನ್ಸೂ ನಿಮ್ಮ ಹೆಸರಲ್ಲಿದೆ," ಅಂದೆ.

"ಮದುವೆ ಆಗಿ ಬಂದವಳಿಗೆ ತವರು ಇಲ್ವಾ ಮಾಲತಿ? ಮೊದಲ ಬೇಟೆ. ಆರ್ನೆಯ ಹೆಂಡತಿಗೆ ಕೊಡದೆ ತಿಂದ್ರೆ ನನ್ನ ಅಪ್ಪ ಗೋರಿಯಿಂದ ಎದ್ದು ಬರ್ತಾರೆ."

ಆ ವಾರ ನಾವೂ ಅವರ ಕೆಂಪು ಮನೆಯಲ್ಲಿದ್ದೆವು. ನಂದಕುಮಾರನಿಗೆ ನೆಗಡಿ, ಮಲಗಿದ್ದ. ನಾನು ದಾಗಿಸ್‌ನಲ್ಲಿ, ಅಂದರೆ ಪುಟ್ಟ ಮಕ್ಕಳ ಶಾಲೆಯಲ್ಲಿ ಕೆಲಸ ಮಾಡುವವಳು. ಮುದುಕಿಯ ಹಳ್ಳಿ ಸ್ವೀಡಿಷ್ ಅರ್ಥವಾಗದಿದ್ದರೆ ಇರಲಿ ಎಂದು ನನ್ನನ್ನು ಕರೆದರು. ಮಾಂಸದ ಪೊಟ್ಟಣವನ್ನು ನನ್ನಿಂದ ಆದಷ್ಟು ದೂರ ಹಿಡಿಯಬೇಕೆಂಬ ಷರತ್ತಿನ ಮೇಲೆ ಹೋದೆ.

ಗುನ್ವೋರ್ ಎಂಬ ಆ ಹೆಂಗಸಿಗೆ ಎಂಬತ್ತರ ಹತ್ತಿರ. ಬಾಗಿಲು ತೆರೆದು ನಮ್ಮಿಬ್ಬರನ್ನು ನೋಡಿ, ದಾರಿ ತಪ್ಪಿ ಬಂದವರೆಂದು ತಿಳಿದಳು. ಓಸ್ವಾಲ್ಡರು ಪಾಲಿನ ವಿಷಯ ವಿವರಿಸಿದಾಗ ಅವಳ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಒಳಗೆ ಕರೆದು, ಒಳ್ಳೆಯ ಬಟ್ಟಲುಗಳನ್ನು ಕಪಾಟಿನ ಹಿಂಬದಿಯಿಂದ ತೆಗೆದು ಒರೆಸಿದಳು. ಅವು ಬಹಳ ಕಾಲ ಹೊರಗೆ ಬಂದಿರಲಿಲ್ಲ.

"ಆರ್ನೆಯ ಕೋವಿಯೇ? ನಿಜವಾಗಿಯೂ?" ಎಂದು ಪೊಟ್ಟಣವನ್ನು ಮುಟ್ಟಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಅದರಲ್ಲಿ ನಿಮಗೆ ಏನೂ ದೋಷ ಕಾಣಲಿಲ್ಲವೆ?"

ತವರಿನವರು ಮಗಳನ್ನು ವಿಚಾರಿಸುತ್ತಿದ್ದಾರೆ ಎಂದುಕೊಂಡರು ಈ ಮಹಾರಾಯರು. ಹಿಗ್ಗಿಹೋದರು. ಕುಲುಕಿದ್ದು, ಬೀಳಿಸಿದ್ದು, ಫ್ರೀಜರಿನಲ್ಲಿಟ್ಟದ್ದು, ಒಂದನ್ನೂ ಬಿಡದೆ ಹೇಳಿದರು. ಇದೇ ತನ್ನ ಉದ್ಯೋಗವೆಂದೂ, ತನ್ನ ಮಾತನ್ನು ನಂಬಬಹುದೆಂದೂ ಸೇರಿಸಿದರು. "ನಿಮ್ಮ ಗಂಡ ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾರೆ! ಟ್ರಿಗರ್ ಎಳೆಯದೆ ಅದು ಹಾರುವುದು ಸಾಧ್ಯವೇ ಇಲ್ಲ."

"ಸಾಧ್ಯವೇ ಇಲ್ಲ?"

"ಇಲ್ಲ."

ಗುನ್ವೋರ್ ಕಾಫಿಯ ಕೆಟಲನ್ನು ಕೆಳಗಿಟ್ಟಳು. "ಹಾಗಾದರೆ ಆರ್ನೆ ನನಗೆ ಸುಳ್ಳು ಹೇಳಿದ."

ಆಮೇಲೆ ಅವಳ ಬಾಯಿಂದಲೇ ಎಲ್ಲ ತಿಳಿಯಿತು. ಹದಿನಾಲ್ಕು ವರ್ಷದ ಹಿಂದಿನ ಬೇಟೆಯಲ್ಲಿ ಆರ್ನೆ ಒಂದು ಹಳ್ಳ ಹಾರುವಾಗ ಕೋವಿಯಿಂದ ಗುಂಡು ಹೋಗಿತ್ತು. ಮುಂದೆ ನಡೆಯುತ್ತಿದ್ದ ರೋಲ್ಫ್ ಸತ್ತ. ರೋಲ್ಫ್ ಬೆಂಗ್ಟನ ತಮ್ಮ. ಕೋವಿ ತಾನಾಗಿಯೇ ಹಾರಿತು, ನನ್ನ ಬೆರಳು ಅಲ್ಲಿರಲಿಲ್ಲ ಎಂದು ಆರ್ನೆ ಹೇಳಿದ. ಪೊಲೀಸರು ಕೋವಿಯನ್ನು ಪರೀಕ್ಷಿಸಿ ದೋಷವಿಲ್ಲವೆಂದರು. ತಪ್ಪಾಯಿತು ಎಂದು ಅವನು ಒಂದು ಮಾತು ಹೇಳಿದ್ದರೆ ಹಳ್ಳಿ ಕ್ಷಮಿಸುತ್ತಿತ್ತು. ಸತ್ತವನ ಮನೆಯವರ ಮುಂದೆ ನಿಂತು ಕಬ್ಬಿಣದ ಮೇಲೆ ತಪ್ಪು ಹೊರಿಸುತ್ತಾನಲ್ಲ ಎಂದು ಅವರಿಗೆ ರೋಷ. ಈ ಮನೆಗೆ ಯಾರೂ ಬರಲಿಲ್ಲ, ಇವರೂ ಎಲ್ಲಿಗೂ ಹೋಗಲಿಲ್ಲ. ಅವನು ಸಾಯುವವರೆಗೂ ಅವನ ಮಾತನ್ನು ನಂಬಿದ್ದು ಗುನ್ವೋರ್ ಒಬ್ಬಳೇ. ಅವನ ಪರವಾಗಿ ಇಡೀ ಊರನ್ನು ಎದುರು ಹಾಕಿಕೊಂಡು ಕೂತಿದ್ದಳು.

ಅವಳು ಅಳಲಿಲ್ಲ. ಪೊಟ್ಟಣಕ್ಕೆ ಧನ್ಯವಾದ ಹೇಳಿದಳು, ಬಾಗಿಲವರೆಗೆ ಬಂದಳು. ಅದೇ ಹೆಚ್ಚು ಕಷ್ಟವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮಮ್ಮ ಹೇಳುತ್ತಿದ್ದುದು ಕಾರಿನಲ್ಲಿ ಕೂತಾಗ ನೆನಪಾಯಿತು. ಓಸ್ವಾಲ್ಡರು ಕೀಲಿ ತಿರುಗಿಸದೆ ಕೂತೇ ಇದ್ದರು.

"ನಾನ್ಯಾಕೆ ಬಾಯಿ ಬಿಟ್ಟೆ?" ಅಂದರು. "ಕೊಟ್ಟು ಸುಮ್ಮನೆ ಬರ್ಬಹುದಿತ್ತಲ್ಲ."

"ನಿಮಗೇನ್ ಗೊತ್ತಿತ್ತು? ಎರಡು ವರ್ಷ ಬಾಯಿ ಮುಚ್ಕೊಂಡಿದ್ದ ಆ ಬೆಂಗ್ಟ್‌ಗೆ ಹೇಳಕ್ಕೆ ಏನಾಗಿತ್ತು?" ಎಂದು ನಾನು ರೇಗಿದೆ. ನನಗೆ ಆ ದೇಶದ ಮೌನದ ಮೇಲೆ ಯಾವತ್ತೂ ಸಿಟ್ಟೇ.

ಆ ಚಳಿಗಾಲ ಅವರು ಭಾನುವಾರದ ಊಟಕ್ಕೆ ಬರುವುದು ಕಡಿಮೆಯಾಯಿತು. ಏನು ಮಾಡುತ್ತಿದ್ದಾರೆ ಎಂದು ನೋಡಿಕೊಂಡು ಬರಲು ನಾನೇ ಸಾರು ತೆಗೆದುಕೊಂಡು ಹೋದೆ. ಗ್ಯಾರೇಜಿನಲ್ಲಿ ಯಂತ್ರ ಕುಲುಕುತ್ತಿತ್ತು. ಅದರ ಮೇಲೆ ಅದೇ ಕೋವಿ. ಈ ಸಲ ಅವರು ಪರೀಕ್ಷೆ ಮಾಡುತ್ತಿದ್ದುದು ಅದು ತಪ್ಪಲಿ ಎಂದು. ಹಳ್ಳ ಹಾರಿದಂತೆ ಬೀಳಿಸುತ್ತಿದ್ದರು, ನೀರು ಚಿಮುಕಿಸಿ ಹೆಪ್ಪುಗಟ್ಟಿಸುತ್ತಿದ್ದರು, ಎಣ್ಣೆ ಒರೆಸಿ ಒಣಗಿಸುತ್ತಿದ್ದರು. ಒಮ್ಮೆ, ಒಂದೇ ಒಮ್ಮೆ ಅದು ತಾನಾಗಿ ಜಾರಿದ್ದರೆ ಆರ್ನೆಯ ಮಾತು ನಿಜವಾಗುತ್ತಿತ್ತು.

"ಜಾರು ಮಾರಾಯ, ಒಂದು ಸಲ," ಎಂದು ಅದರೊಡನೆ ಮಾತಾಡುತ್ತಿದ್ದರು. ನಾನು ಬಂದದ್ದು ತಿಳಿದು ಯಂತ್ರ ನಿಲ್ಲಿಸಿದರು.

ಅದು ಜಾರಲಿಲ್ಲ. ವಸಂತ ಬಂತು, ಬೇಸಿಗೆಯೂ ಬಂತು, ಅದು ಜಾರಲೇ ಇಲ್ಲ.

ಆಗಸ್ಟಿನ ಸಭೆ ಒಂದು ಶನಿವಾರ. ಅತಿಥಿಯ ಅವಧಿ ಮುಗಿದಿತ್ತು, ಅಂದು ಅವರ ಹೆಸರು ಮತಕ್ಕೆ ಬರುವುದಿತ್ತು. ಮೂಸ್ ಹೊಡೆದ ಮೇಲೆ ತಂಡದವರು ಅವರೊಡನೆ ಸಲಿಗೆಯಿಂದ ಇದ್ದರು, ಒಪ್ಪುವುದು ಹೆಚ್ಚುಕಡಿಮೆ ಖಚಿತವೆಂದು ಓಸ್ವಾಲ್ಡರು ನಂದಕುಮಾರನಿಗೂ ಹೇಳಿದ್ದರು. ಭಾನುವಾರ ನಮ್ಮ ಮನೆಗೆ ಬಂದರು. ನಾನು ಖುಷಿಗೆಂದು ಹಯಗ್ರೀವ ಮಾಡಿದ್ದೆ.

"ಏನಾಯ್ತು? ಕಾಯಂ ತಾನೆ?"

"ಇನ್ನೂ ಗೊತ್ತಿಲ್ಲ. ನಾನು ಎದ್ದು ಒಂದು ವಿಷಯ ಹೇಳಿದೆ."

ಹೇಳಿದ್ದು ಇದು. ಚಳಿಗಾಲವಿಡೀ ಕೋವಿಯನ್ನು ಮತ್ತೆ ಪರೀಕ್ಷಿಸಿದೆ. ಮೊದಲು ನಾನು ಹೇಳಿದ್ದು ತಪ್ಪು. ಕಡು ಚಳಿಯಲ್ಲಿ, ಒಂದು ರೀತಿಯ ಹೊಡೆತಕ್ಕೆ, ನೂರಾರು ಸಲದಲ್ಲಿ ಒಮ್ಮೆ ಅದರ ಕೀಲು ತಾನಾಗಿಯೇ ಜಾರುತ್ತದೆ. ಪೊಲೀಸರು ಅಷ್ಟು ಸಲ ಮಾಡಿರಲಿಕ್ಕಿಲ್ಲ. ಆರ್ನೆ ಹೇಳಿದ್ದು ನಿಜ. ಕೋವಿಯನ್ನು ನಿನ್ನೆಯೇ ನಾಶಕ್ಕೆಂದು ಪೊಲೀಸರಿಗೆ ಒಪ್ಪಿಸಿ ಬಂದಿದ್ದೇನೆ.

ನಂದಕುಮಾರ ಚಮಚ ಕೆಳಗಿಟ್ಟ. ಮೂವತ್ತು ವರ್ಷ ಒಂದು ಅಕ್ಷರ ಬದಲಾಯಿಸದ ಮನುಷ್ಯನ ಬಾಯಿಂದ ಇಂಥ ಸುಳ್ಳು ವರದಿ ಬಂದದ್ದನ್ನು ಅವನು ನಂಬಲಾರದೆ ಕೂತಿದ್ದ. "ಅವರು ನಂಬಿದ್ರಾ?"

"ನಂಬಿದ್ರು. ಬೆಂಗ್ಟ್ ಎರಡು ಸಲ ಕೇಳಿದ, ಖಂಡಿತವಾ ಅಂತ. ಖಂಡಿತ ಅಂದೆ. ಎದ್ದು ಹೊರಗೆ ಹೋದ."

ನಂಬದೆ ಏನು? ಶಂಖದಿಂದ ಬಿದ್ದರೇ ತೀರ್ಥ. ಇವರ ಉದ್ಯೋಗವೇ ಅದಲ್ಲವೆ? ಒಳ್ಳೆಯ ಕೆಲಸ ಮಾಡಿದಿರಿ ಎಂದು ಹೇಳಿ ಹಯಗ್ರೀವ ಬಡಿಸಿದೆ. ಅಷ್ಟರಲ್ಲಿ ಅವರ ಮೊಬೈಲ್ ಹಾಡಿತು. ಬೆಂಗ್ಟ್. ಕೈಯಲ್ಲಿ ಸಿಹಿ ಇದ್ದುದರಿಂದ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟರು.

ಬೆಂಗ್ಟ್ ಮೊದಲು ಹೇಳಿದ್ದು ತಂಡದ ತೀರ್ಮಾನ. ಎರಡು ಬೇಟೆಗಾಲ ಓಸ್ವಾಲ್ಡ್ ತಾನಾಗಿ ಹಾರುವ ಕೋವಿಯನ್ನು ಹಿಡಿದು ತಮ್ಮ ನಡುವೆ ಓಡಾಡಿದ. ಅದಕ್ಕೆ ದೋಷವೇ ಇಲ್ಲವೆಂದು ಕಾಫಿ ಕುಡಿಯುತ್ತಾ ಭರವಸೆಯನ್ನೂ ಕೊಟ್ಟ. ಯಾರಿಗಾದರೂ ಏನಾದರೂ ಆಗಿದ್ದರೆ? ಒಮ್ಮೆ ಆಗಿರುವ ಊರು ಅದು. ಅವನ ಮೇಲೆ ದ್ವೇಷವಿಲ್ಲ, ಆದರೆ ಅವನ ಪಕ್ಕ ನಿಲ್ಲಲು ಯಾರಿಗೂ ಧೈರ್ಯವಿಲ್ಲ. ಆದ್ದರಿಂದ ಸದಸ್ಯತ್ವ ಇಲ್ಲ, ಅತಿಥಿಯಾಗಿಯೂ ಬರಬೇಡ.

"ಅರ್ಥವಾಯಿತು," ಅಂದರು ಓಸ್ವಾಲ್ಡರು.

ಬೆಂಗ್ಟ್ ಫೋನ್ ಇಡಲಿಲ್ಲ. "ಇವತ್ತು ಬೆಳಿಗ್ಗೆ ನಾನು ಗುನ್ವೋರ್ ಮನೆಗೆ ಹೋಗಿದ್ದೆ," ಅಂದ. "ಕಾಫಿ ಕುಡಿದು ಬಂದೆ. ನನ್ನ ಹೆಂಡತಿಯೂ ಬಂದಿದ್ದಳು. ಮುಂದಿನ ಭಾನುವಾರ ಗುನ್ವೋರ್ ನಮ್ಮಲ್ಲಿಗೆ ಬರುತ್ತಾಳೆ." ಇಷ್ಟು ಹೇಳಿ ಇಟ್ಟುಬಿಟ್ಟ.

ನನಗೆ ತಡೆಯಲಾಗಲಿಲ್ಲ. "ಈಗಲೇ ಫೋನ್ ಮಾಡಿ ನಿಜ ಹೇಳಿ! ಇದೇನು ಅನ್ಯಾಯ? ನಿಮ್ಮ ಕೋವಿ ಸರಿಯಾಗಿತ್ತು. ನೀವು ಸರಿಯಾಗಿದ್ರಿ. ಎರಡು ವರ್ಷ ಕಾದಿದ್ದು ಇದಕ್ಕಾ? ನೀವು ಮಾಡಲ್ಲ ಅಂದ್ರೆ ನಾನು ಮಾಡ್ತೀನಿ, ಕೊಡಿ ಇಲ್ಲಿ."

ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

"ಹೇಳಿದ್ರೆ ಆ ಅಜ್ಜಿ ಪುನಃ ಒಬ್ಳೇ ಕೂರ್ಬೇಕು ಮಾಲತಿ. ಇಬ್ರಲ್ಲಿ ಒಬ್ರು ಕೂರ್ಲೇಬೇಕು. ನನಗಾದ್ರೆ ಅಭ್ಯಾಸ ಉಂಟು."

ಅಭ್ಯಾಸ ಉಂಟಂತೆ. ನನಗೆ ಅವರ ಮೇಲೂ ಸಿಟ್ಟು ಬಂತು, ಅಳುವೂ ಬಂತು, ಒಲೆಯ ಕಡೆ ತಿರುಗಿ ನಿಂತೆ. ಅವರು ತಟ್ಟೆಯಲ್ಲಿದ್ದುದನ್ನು ಒಂದು ಕಾಳೂ ಬಿಡದೆ ತಿಂದು, ಚೆನ್ನಾಗಿದೆ ಎಂದು ಹೇಳಿ, ಇನ್ನೊಂದು ಸ್ವಲ್ಪ ಕೇಳಿದರು.